ಯಾವ ಬಸ್ಸಿಗೆ ಬರಲಿ, ಪಾಂಡೆಲಿ?

ಕೋರ್ಚಾ, ೨೪ ಜನವರಿ ೨೦೦೦

ಪ್ರೀತಿಯ ಪಾಂಡೆಲಿ,

ವೀಸಾ ಸಿಕ್ಕಿತು! ನಂಬಿಕೆ ಬರದಿದ್ದರೆ ಈ ಸಾಲನ್ನು ಇನ್ನೊಮ್ಮೆ ಓದು. ಗ್ರೀಕರ ಕಚೇರಿಯ ಮುಂದೆ ಹಿಮದಲ್ಲಿ ನಿಂತೂ ನಿಂತೂ ನನ್ನ ಕಾಲು ಯಾರದೋ ಕಾಲಿನಂತಾಗಿತ್ತು. ಕಿಟಕಿಯೊಳಗೆ ಕೂತಿದ್ದ ಹುಡುಗ ಕೇಳಿದ: "ಯಾಕೆ ಹೋಗ್ತಿದೀರಿ?" "ಗಂಡನ್ನ ಕರ್ಕೊಂಡು ಬರೋಕೆ" ಅಂದೆ. "ಅವರ ಪಾಸ್‌ಪೋರ್ಟ್ ಎಲ್ಲಿ?" ಅಂದ. "ಅವರಿಗೆ ಈಗ ಅದು ಬೇಕಾಗಲ್ಲಪ್ಪ, ಮಣ್ಣಲ್ಲಿ ಮಲಗಿದಾರೆ" ಅಂದೆ. ಪಾಪ, ಮುಖ ತಗ್ಗಿಸಿಕೊಂಡು ಠಸ್ಸೆ ಒತ್ತಿಬಿಟ್ಟ. ಈಸ್ಟರ್ ಹಬ್ಬದವರೆಗೆ ಅವಧಿ ಇದೆ.

ಈ ತಿಂಗಳಿಗೆ ನಿನ್ನಣ್ಣ ಹೋಗಿ ಮೂರು ವರ್ಷ ತುಂಬಿತು. ಗಡಿಯಾಚೆ ನಿಮ್ಮ ಗ್ರೀಕರ ಸೆಲಾನಿಕ್ಕಿನಲ್ಲಿ ಬಾಡಿಗೆ ಮಣ್ಣಿನಲ್ಲಿ ಯಾರನ್ನೂ ಮೂರು ವರ್ಷಕ್ಕಿಂತ ಹೆಚ್ಚು ಮಲಗಲು ಬಿಡುವುದಿಲ್ಲವಂತೆ. ಅಗೆದು, ಮೂಳೆಗಳನ್ನು ದ್ರಾಕ್ಷಾರಸದಲ್ಲಿ ತೊಳೆದು ಪೆಟ್ಟಿಗೆಗೆ ಹಾಕಿ ಕೊಡುತ್ತಾರೆ, ಕೇಳುವವರಿಲ್ಲದಿದ್ದರೆ ಎಲ್ಲರ ಜೊತೆ ಒಂದೇ ಗುಂಡಿಗೆ ಸುರಿಯುತ್ತಾರೆ ಎಂದು ನೀನೇ ಬರೆದಿದ್ದೆ. ಗುಂಡಿಗೆ ಹೋಗಲು ಅವರೇನು ದಿಕ್ಕಿಲ್ಲದವರೇ? ನಾನು ಬರುತ್ತೇನೆ. ಇಲ್ಲಿ ಮಾವನ ಸಮಾಧಿಯ ಪಕ್ಕದಲ್ಲಿ ಜಾಗ ಬಿಡಿಸಿ ಇಟ್ಟಿದ್ದೇವೆ. ಮಾರ್ಚ್ ಮೊದಲ ವಾರದ ಆತ್ಮಗಳ ಶನಿವಾರದ ಹೊತ್ತಿಗೆ ಅವರು ಅಲ್ಲಿ ಮಲಗಿರಬೇಕು, ತಮ್ಮ ಕೈಯಿಂದಲೇ ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ ಹಂಚಬೇಕು ಎಂಬುದು ಅತ್ತೆಯ ಆಸೆ.

ಅತ್ತೆಯ ವಿಷಯ ನಿನಗೊಬ್ಬನಿಗೇ ಹೇಳುತ್ತೇನೆ. ಕಾಲಿಗೆ ನೀರು ತುಂಬಿದೆ. ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿ, ನನ್ನನ್ನು ಹೊರಗೆ ಕರೆದು, "ಮಗ ಬರೋದಿದ್ರೆ ಬೇಗ ಬರ್ಲಿ" ಅಂದರು. ಯಾವ ಮಗ ಎಂದು ನಾನು ಕೇಳಲಿಲ್ಲ. ನೀನಂತೂ ಬರುವ ಕನಸು ಕಾಣಬೇಡ. ಅಲ್ಲಿ ನೆಲೆಸಲು ಕೊಡುವ ನಿನ್ನ ಕಾರ್ಡು ಕೈಗೆ ಬರುವ ಮುಂಚೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ, ಇಷ್ಟು ವರ್ಷ ಆ ಊರಿನ ಗೋಡೆಗಳಿಗೆ ಬಣ್ಣ ಬಳಿದದ್ದೆಲ್ಲ ನೀರಲ್ಲಿ ಹೋಮ ಆಗುತ್ತದೆ. ಡಾಕ್ಟರ ಮಾತನ್ನು ನಿನ್ನ ಉತ್ತರದಲ್ಲಿ ಎತ್ತಬೇಡ. ನಿನ್ನ ಕಾಗದವನ್ನು ಮೊದಲು ಒಡೆಯುವವರು ಅತ್ತೆಯೇ. ಕಾಗದ ತರುವ ಬಸ್ಸಿನ ಡ್ರೈವರ್ ನೆಸ್ತೋರ್ ಅದನ್ನು ಅತ್ತೆಯ ಕೈಗೇ ಕೊಡಬೇಕು, ನನ್ನ ಕೈಗೆ ಕೊಟ್ಟರೆ ಅವನಿಗೆ ಆ ದಿನ ಕಾಫಿ ಇಲ್ಲ!

ಈಗ ಹೇಳು, ಹೇಗೆ ಬರಲಿ? ನೆಸ್ತೋರನ ಬಸ್ಸು ನೇರ ಬರುತ್ತದೆ. ಇಲ್ಲವೇ ವ್ಯಾನಿನಲ್ಲಿ ಗಡಿಯವರೆಗೆ ಬಂದು, ನಡೆದು ದಾಟಿ, ಆಚೆ ಟ್ಯಾಕ್ಸಿ ಹಿಡಿದು ಫ್ಲೋರಿನಾದಲ್ಲಿ ರೈಲು ಹತ್ತಬಹುದು. ಕೆಳಮನೆಯ ಬೆದ್ರಿ ತನ್ನ ಮರ್ಸಿಡಿಸ್ ತೆಗೆಯುತ್ತೇನೆ ಎನ್ನುತ್ತಾನೆ. ನನಗೆ ಕೋರ್ಚಾ ಬಿಟ್ಟರೆ ಬೇರೆ ಊರು ಗೊತ್ತಿಲ್ಲ, ಗ್ರೀಕ್ ಭಾಷೆಯಲ್ಲಿ ರೊಟ್ಟಿ, ನೀರು ಎರಡೇ ಬರುತ್ತವೆ. ನೀನು ಹೇಳಿದಂತೆ ಕೇಳುತ್ತೇನೆ.

ನಿನ್ನ ಅತ್ತಿಗೆ
ಉರಾನಿ

*

ಸೆಲಾನಿಕ್, ೨ ಫೆಬ್ರವರಿ ೨೦೦೦

ಪ್ರೀತಿಯ ಅತ್ತಿಗೆ, ಅಮ್ಮ,

ನಿಮ್ಮ ಕಾಗದ ನೋಡಿ ತುಂಬ ಸಂತೋಷವಾಯಿತು. ನಾನು ಚೆನ್ನಾಗಿದ್ದೇನೆ, ಕೆಲಸ ಇದೆ, ಕಾರ್ಡು ಮಾತ್ರ ಇನ್ನೂ ಬಂದಿಲ್ಲ.

ಅತ್ತಿಗೆ, ನೆಸ್ತೋರನ ಬಸ್ಸು ಬೇಡ. ಅವನು ಒಳ್ಳೆಯ ಮನುಷ್ಯ, ಬಸ್ಸು ಒಳ್ಳೆಯದಲ್ಲ. ಗಡಿ ಚೌಕಿಯಲ್ಲಿ ಎಲ್ಲರನ್ನೂ ಹಿಮದಲ್ಲಿ ಇಳಿಸಿ, ಗಂಟೆಗಟ್ಟಲೆ ನಿಲ್ಲಿಸಿ, ಒಬ್ಬೊಬ್ಬರ ಚೀಲವನ್ನೂ ನೆಲದ ಮೇಲೆ ಸುರಿಸುತ್ತಾರೆ. ಒಬ್ಬನ ಕಾಗದದಲ್ಲಿ ಏನೋ ಕೊರತೆ ಎಂದರೆ ಇಡೀ ಬಸ್ಸು ಕಾಯಬೇಕು. ಹೋದ ತಿಂಗಳು ಹಾಗೆ ನಿಂತ ಒಬ್ಬ ಹೆಂಗಸು ಚಳಿಜ್ವರ ಹಿಡಿದು ಆಸ್ಪತ್ರೆ ಸೇರಿದಳು. ಘಾಟಿಯ ತಿರುವುಗಳಲ್ಲಿ ನಿಮಗೆ ಹೊಟ್ಟೆ ತೊಳೆಸುತ್ತದೆ. ಇಷ್ಟೆಲ್ಲ ಆಗಿ ಬಂದರೆ ರೈಲು ನಿಲ್ದಾಣದ ಹಿಂದೆ ಕತ್ತಲಲ್ಲಿ ಇಳಿಸಿ ಹೋಗುತ್ತಾನೆ.

ರೈಲು ವಾಸಿ. ಕೂತು ಬರಬಹುದು, ಕಿಟಕಿ ತೆರೆಯಬಹುದು. ಆದರೆ ಫ್ಲೋರಿನಾ ಕಡೆ ಈಗ ಹಿಮ ಬಿದ್ದು ರೈಲು ಯಾವತ್ತು ಹೊರಡುತ್ತದೆ, ಯಾವತ್ತು ಇಲ್ಲ ಎಂದು ರೈಲಿನವರಿಗೇ ಗೊತ್ತಿಲ್ಲ. ಗಡಿಯಿಂದ ಫ್ಲೋರಿನಾಗೆ ಬರುವ ಟ್ಯಾಕ್ಸಿಯವರು ನಮ್ಮವರ ಮುಖ ಕಂಡರೆ ಬಾಯಿಗೆ ಬಂದ ಬಾಡಿಗೆ ಹೇಳುತ್ತಾರೆ. ಭಾಷೆ ಬಾರದ ನೀವು ಅವನು ಇಳಿಸಿದ ಕಡೆ ಇಳಿಯಬೇಕು. ನಾನು ವಿಚಾರಿಸಿ ಬರೆಯುತ್ತೇನೆ, ಅಲ್ಲಿಯವರೆಗೆ ಹೊರಡಬೇಡಿ.

ಸ್ಮಶಾನದವರು ಅಗೆಯುವ ದಿನವನ್ನೂ ಇನ್ನೂ ಕೊಟ್ಟಿಲ್ಲ. ಅವರ ಸರದಿ ದೊಡ್ಡದಿದೆ. ಗುಂಡಿಯ ಭಯ ಬೇಡ, ಆ ಜವಾಬ್ದಾರಿ ನನ್ನದು. ಅಣ್ಣನನ್ನು ಯಾರೂ ಎಲ್ಲಿಗೂ ಸುರಿಯುವುದಿಲ್ಲ.

ಅಮ್ಮ, ಕಾಲು ಎತ್ತರದಲ್ಲಿಟ್ಟುಕೊಂಡು ಮಲಗು. ಉಪ್ಪಿನಕಾಯಿ ತಿನ್ನಬೇಡ.

ನಿಮ್ಮ
ಪಾಂಡೆಲಿ

*

ಕೋರ್ಚಾ, ೧೧ ಫೆಬ್ರವರಿ ೨೦೦೦

ಪಾಂಡೆಲಿ,

ನಿನ್ನ ಕಾಗದವನ್ನು ಅತ್ತೆ ಎರಡು ಸಲ ಓದಿದರು. ಎರಡನೆಯ ಸಲ ಬಸ್ಸಿನ ಭಾಗಕ್ಕೆ ಬಂದು ನಕ್ಕುಬಿಟ್ಟರು. ಎಷ್ಟು ದಿನವಾಗಿತ್ತು ಅವರು ನಕ್ಕು! "ಇವನು ಚಿಕ್ಕೋನಿದ್ದಾಗ ಕುದುರೆಗಾಡೀಲೂ ವಾಂತಿ ಮಾಡ್ತಿದ್ದ ಕಣೆ ಉರಾನಿ. ಅದಕ್ಕೇ ಲೋಕದೋರೆಲ್ಲ ವಾಂತಿ ಮಾಡ್ತಾರೆ ಅಂದ್ಕೊಂಡಿದಾನೆ" ಅಂದರು. ನನಗೆ ಹೊಟ್ಟೆ ತೊಳೆಸುವುದಿಲ್ಲ ಮಾರಾಯ. ನಾನು ಹೆಣಿಗೆ ಕಾರ್ಖಾನೆಯ ಲಾರಿಯ ಹಿಂದೆ ಉಣ್ಣೆ ಮೂಟೆಗಳ ಮೇಲೆ ಕೂತು ಎಷ್ಟೋ ಸಲ ಬೆಟ್ಟ ಇಳಿದವಳು.

ಸರಿ, ನೀನು ಬಸ್ಸು ಬೇಡ ಎಂದೆ, ಬಿಟ್ಟೆ. ರೈಲನ್ನು ನಂಬಲಾಗುವುದಿಲ್ಲ ಎಂದೆ, ಅದನ್ನೂ ಬಿಟ್ಟೆ. ಬೆದ್ರಿಯ ಮರ್ಸಿಡಿಸ್ಸೇ ಗಟ್ಟಿ. ಅವನ ಮಗಳು ಅಲ್ಲೇ ಊರಾಚೆ ಮನೆಗೆಲಸ ಮಾಡುತ್ತಾಳಲ್ಲ, ಅವಳನ್ನು ನೋಡಿದ ಹಾಗೂ ಆಗುತ್ತದೆ ಎಂದು ಪೆಟ್ರೋಲಿನ ಹಣ ಮಾತ್ರ ಕೇಳಿದ್ದಾನೆ. ಕಾರು ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಬರುವಾಗ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡು ಬರಬಹುದು. ಬಸ್ಸಿನಲ್ಲಾದರೆ ನೆಸ್ತೋರ್ ಎಷ್ಟೇ ಒಳ್ಳೆಯವನಾದರೂ ಸಾಮಾನಿನ ಜೊತೆ ಕೆಳಗೆ ತುರುಕುತ್ತಾನೆ.

ಅತ್ತೆ ಬಿಳಿ ಬಟ್ಟೆ ಹೊಲಿದಿದ್ದಾರೆ, ಪೆಟ್ಟಿಗೆಯ ಒಳಗೆ ಹಾಸಲು. ಅವರಿಗೆ ಸೂಜಿಯ ಕಣ್ಣು ಕಾಣದೆ ದಾರ ನಾನು ಪೋಣಿಸಿಕೊಟ್ಟೆ, ಹೊಲಿಗೆ ಮಾತ್ರ ಮುಟ್ಟಗೊಡಲಿಲ್ಲ. ಮಂಚದಿಂದ ಕೂಗಿ ಹೇಳುತ್ತಿದ್ದಾರೆ, ಹಾಗೇ ಬರೆಯುತ್ತೇನೆ: "ಪಾಂಡೆಲಿ, ನಿಮ್ಮಣ್ಣನ ತಲೆ ತೊಳೆಯುವಾಗ ಮೆತ್ತಗೆ ತೊಳೀರಿ ಅಂತ ಹೇಳು. ಚಿಕ್ಕಂದಿನಿಂದ ತಲೆಗೆ ನೀರು ಹಾಕಿದ್ರೆ ಅಳ್ತಿದ್ದ."

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಕೋಣೆಯಲ್ಲಿ ಯಾರಾದರೂ ಇದ್ದಾರೋ? ಇದ್ದರೆ ಇರಲಿ, ನಿನಗೂ ವಯಸ್ಸಾಯಿತು. ಕಪ್ಪು ಬಟ್ಟೆಯ ಅತ್ತಿಗೆ ಬಂದು ಕೂತರೆ ಹುಡುಗಿ ಓಡಿಹೋಗುತ್ತಾಳೆಂದು ಹೆದರುತ್ತಿದ್ದೀಯೇನೋ. ನಾನು ಅಡುಗೆಮನೆಯಲ್ಲಿ ಮಲಗುತ್ತೇನೆ. ಲಾಕ್ರೋರ್ ಸುಟ್ಟು ತರುತ್ತೇನೆ, ಕೋರ್ಚಾದ ಈರುಳ್ಳಿ ಕಡುಬು ತಿಂದ ಹುಡುಗಿ ನಿನ್ನನ್ನು ಬಿಟ್ಟು ಹೋಗುವುದಿಲ್ಲ.

ದಿನ ಗೊತ್ತಾದ ಕೂಡಲೇ ತಿಳಿಸು. ಬೆದ್ರಿಗೆ ಹಿಂದಿನ ದಿನ ಹೇಳಿದರೆ ಸಾಕು.

ಉರಾನಿ

*

ಸೆಲಾನಿಕ್, ೨೦ ಫೆಬ್ರವರಿ ೨೦೦೦

ಪ್ರೀತಿಯ ಅತ್ತಿಗೆ, ಅಮ್ಮ,

ಯಾರೂ ಇಲ್ಲ ಅತ್ತಿಗೆ. ನನ್ನ ಕೋಣೆಯಲ್ಲಿ ನಾನು, ಬಣ್ಣದ ಡಬ್ಬಗಳು, ಅಣ್ಣನ ಕೋಟು ಅಷ್ಟೇ.

ಬೆದ್ರಿಯ ಕಾರು ಖಂಡಿತ ಬೇಡ. ನಮ್ಮ ನಂಬರಿನ ಮರ್ಸಿಡಿಸ್ ಕಂಡರೆ ಇಲ್ಲಿಯ ಪೊಲೀಸರಿಗೆ ಹಬ್ಬ. ಕಳ್ಳಮಾಲು ಎಂದೇ ಅವರ ಲೆಕ್ಕ. ಕೂಡುರಸ್ತೆಗೊಮ್ಮೆ ನಿಲ್ಲಿಸಿ ಸೀಟಿನ ಹೊಲಿಗೆ ಬಿಚ್ಚಿ ನೋಡುತ್ತಾರೆ. ಬರುವಾಗ ಹೀಗಾದರೆ ಹೋಗಲಿ ಎನ್ನಬಹುದು, ಹಿಂದಿರುಗುವಾಗ ಆ ಪೆಟ್ಟಿಗೆಯನ್ನು ರಸ್ತೆ ಬದಿಯಲ್ಲಿ ತೆಗೆಸಿ ನೋಡಿದರೆ? ನೀವು ತಡೆದುಕೊಳ್ಳುತ್ತೀರಾ? ಬೆದ್ರಿಯ ವಿಮೆ ಗಡಿಯಾಚೆ ನಡೆಯುವುದೂ ಇಲ್ಲ. ಆ ಕಾರಿನ ವಯಸ್ಸು ನಿಮಗೇ ಗೊತ್ತು, ಬೆಟ್ಟದ ಮೇಲೆ ಕೆಟ್ಟು ನಿಂತರೆ ತಳ್ಳಲು ಕುರಿಗಳೂ ಸಿಗುವುದಿಲ್ಲ.

ನಾನು ಯೋಚಿಸಿ ನೋಡಿದೆ. ಹಿಮ ಕರಗಲಿ. ಏಪ್ರಿಲ್ ಕೊನೆಗೆ ರೈಲು ಸರಿಯಾಗಿ ಓಡುತ್ತದೆ. ಆಗ ನಾನು ಫ್ಲೋರಿನಾವರೆಗೆ ಬಂದು ನಿಮ್ಮನ್ನು ಇದಿರುಗೊಳ್ಳುತ್ತೇನೆ, ಗಡಿ ದಾಟದಿದ್ದರೆ ನನಗೂ ತೊಂದರೆಯಿಲ್ಲ. ಮಾರ್ಚ್ ಶನಿವಾರ ತಪ್ಪಿದರೆ ಜೂನಿನಲ್ಲಿ ಇನ್ನೊಂದು ಆತ್ಮಗಳ ಶನಿವಾರ ಇದೆಯಲ್ಲ. ಆಗ ಗೋಧಿ ಬೇಯಿಸೋಣ. ಇಲ್ಲಿ ಈ ಚಳಿಗಾಲ ತುಂಬ ಮಳೆ, ಮಣ್ಣು ಅಂಟಂಟು, ಜೇಡಿ. ಇಂಥ ಮಣ್ಣಿನಲ್ಲಿ ಆತುರ ಪಡಬಾರದು ಎನ್ನುತ್ತಾರೆ ಕಾವಲುಗಾರರು.

ಅಮ್ಮ, ನೀನು ಚೆನ್ನಾಗಿರಬೇಕು. ಜೂನ್ ಅಂದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. ನೀನು ಹೇಳಿದ ಮಾತು ಅವರಿಗೆ ಹೇಳುತ್ತೇನೆ. ಮೆತ್ತಗೆ ತೊಳೆಯುತ್ತಾರೆ.

ಪಾಂಡೆಲಿ

*

ಕೋರ್ಚಾ, ೯ ಮಾರ್ಚ್ ೨೦೦೦

ಪಾಂಡೆಲಿ,

ನಿನ್ನ ಕಾಗದ ತಲುಪಿತು. ಈ ಸಲ ನಾನೇ ಒಡೆದೆ, ಅತ್ತೆ ಮಲಗಿದ್ದರು.

ಆತ್ಮಗಳ ಶನಿವಾರ ಆಯಿತು. ಗೋಧಿ ಬೇಯಿಸಿದೆ, ಪಾದ್ರಿ ಹೆಸರುಗಳನ್ನು ಓದಿದರು, ಜನ ತಿಂದರು. ಮಾವನ ಪಕ್ಕದಲ್ಲಿ ನಿನ್ನಣ್ಣನಿಗೆಂದು ಬಿಡಿಸಿದ್ದ ಜಾಗದ ಮುಂದೆ ನಿಂತಾಗ ನನಗೆ ಸಿಟ್ಟು ಬಂತು. ಇವತ್ತಿನವರೆಗೂ ಇಳಿದಿಲ್ಲ, ಬರೆದೇಬಿಡುತ್ತೇನೆ.

ನೀನು ಮೀನಮೇಷ ಎಣಿಸುತ್ತಿರುವುದು ನನ್ನ ಹೊಟ್ಟೆ ತೊಳೆಸುತ್ತದೆಂದಲ್ಲ. ನೆಸ್ತೋರನ ಬಸ್ಸಿನಲ್ಲಿ ವಾರವಾರ ಬಸುರಿಯರು, ಮುದುಕರು, ಹಾಲು ಕುಡಿಯುವ ಮಕ್ಕಳು ಬರುತ್ತಾರೆ, ಯಾರೂ ಸತ್ತಿಲ್ಲ. ನಾನು ಬಸ್ಸು ಅಂದರೆ ರೈಲು ಅನ್ನುತ್ತೀಯ, ರೈಲು ಅಂದರೆ ಹಿಮ ಅನ್ನುತ್ತೀಯ, ಕಾರು ಅಂದರೆ ಪೊಲೀಸು. ಕತ್ತೆ ಮೇಲೆ ಬರುತ್ತೇನೆಂದರೂ ಕತ್ತೆಗೆ ವೀಸಾ ಇಲ್ಲ ಅನ್ನುತ್ತೀಯ! ಅಲ್ಲಿ ನಾನು ನೋಡಬಾರದ್ದು ಏನೋ ಇದೆ. ಕಾರ್ಖಾನೆಯಲ್ಲಿ ಹೆಂಗಸರು ಬಹಳ ದಿನದಿಂದ ಗುಸುಗುಸು ಮಾಡುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಿನ್ನಣ್ಣನಿಗೆ ಅಲ್ಲಿ ಇನ್ನೊಬ್ಬಳಿದ್ದಳು, ಅಲ್ಲವೇ? ಅವಳೇ ಈಗ ದೀಪ ಹಚ್ಚುತ್ತಿದ್ದಾಳೆ. ಮೂಳೆ ಅವಳ ಹತ್ತಿರ ಇವೆ. ಅದಕ್ಕೇ ನೀನು ವಾಹನದ ಕಥೆ ಕಟ್ಟುತ್ತಿದ್ದೀಯ.

ಇದ್ದರೆ ಹೇಳು. ಸತ್ತವರ ಮೇಲೆ ಎಷ್ಟು ದಿನ ಸಿಟ್ಟು ಮಾಡಲಿ? ಬದುಕಿದ್ದು ಸುಳ್ಳು ಹೇಳುವವನ ಮೇಲೆ ಮಾತ್ರ ಹೊಟ್ಟೆ ಉರಿಯುತ್ತದೆ.

ಈಗ ಅವಸರವೂ ಇಲ್ಲ. ನಿಧಾನಕ್ಕೆ ಯೋಚಿಸಿ ಬರೆ. ನಿನ್ನ ಕಾರ್ಡು ಬಂತೇ? ಇದಕ್ಕೆ ಮಾತ್ರ ತಪ್ಪದೆ ಉತ್ತರ ಕೊಡು.

ಉರಾನಿ

*

ಸೆಲಾನಿಕ್, ೨೭ ಮಾರ್ಚ್ ೨೦೦೦

ಅತ್ತಿಗೆ,

ಈ ಕಾಗದವನ್ನು ನೆಸ್ತೋರನ ಕೈಗೆ ಕೊಟ್ಟಿಲ್ಲ. ನಮ್ಮ ಬೀದಿಯ ಹೆಂಗಸೊಬ್ಬಳು ಊರಿಗೆ ಹೊರಟಿದ್ದಾಳೆ, ಕಾರ್ಖಾನೆಗೇ ಬಂದು ನಿಮ್ಮ ಕೈಯಲ್ಲೇ ಇಡಬೇಕೆಂದು ಹೇಳಿದ್ದೇನೆ. ದಯವಿಟ್ಟು ಮನೆಗೆ ಒಯ್ಯಬೇಡಿ. ಅಮ್ಮನ ಕಣ್ಣಿಗೆ ಬೀಳಬಾರದು. ನೆಸ್ತೋರ್ ಇತ್ತೀಚೆಗೆ ನನ್ನ ಮುಖ ನೋಡಿ ಮಾತಾಡುವುದೂ ಇಲ್ಲ, ಕಾಗದ ಕೊಟ್ಟು ಬೆನ್ನು ತಿರುಗಿಸುತ್ತಾನೆ. ಅವನ ಬಸ್ಸನ್ನು ಹಳಿದಿದ್ದು ಅವನ ಕಿವಿಗೂ ಬಿದ್ದಿರಬೇಕು.

ಇನ್ನೊಬ್ಬಳು ಯಾರೂ ಇರಲಿಲ್ಲ. ಅಣ್ಣ ದುಡಿದ, ತಿಂದ, ಮಲಗಿದ, ನಿಮಗೆ ಕಾಗದ ಬರೆದ. ಆ ಮಾತು ಓದಿ ನನಗೆ ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ನಿಮ್ಮ ಮೊದಲ ಕಾಗದ ಬರುವ ಹಿಂದಿನ ವಾರವೇ ಅಗೆದರು. ನಾನು ದ್ರಾಕ್ಷಾರಸ ತೆಗೆದುಕೊಂಡು ಹೋಗಿದ್ದೆ, ಹೊಸ ಟವೆಲ್ಲು ತೆಗೆದುಕೊಂಡು ಹೋಗಿದ್ದೆ. ಅಣ್ಣನನ್ನು ತೊಳೆದು, ಪೆಟ್ಟಿಗೆಗೆ ಹಾಕಿ, ನೀವು ಬಂದಾಗ ಕೈಗೆ ಕೊಡಬೇಕೆಂದಿದ್ದೆ. ಅಗೆಯುವವನು ಗುದ್ದಲಿ ನಿಲ್ಲಿಸಿ ಮೇಲೆ ನೋಡಿದ. "ಹಿಂದೆ ಸರಿಯಪ್ಪ, ನೋಡ್ಬೇಡ" ಅಂದ. ನಾನು ನೋಡಿಬಿಟ್ಟೆ. ಅತ್ತಿಗೆ, ಅಣ್ಣ ಕರಗಿರಲಿಲ್ಲ. ಮೂರು ವರ್ಷವಾಗಿದ್ದರೂ ಮಣ್ಣು ಅವನನ್ನು ಹಾಗೇ ಇಟ್ಟುಕೊಂಡಿತ್ತು. ಹೆಚ್ಚು ಬರೆಯಲಾರೆ. ಪಕ್ಕದ ಸಮಾಧಿಗೆ ಬಂದಿದ್ದ ಹೆಂಗಸರು ಶಿಲುಬೆ ಗುರುತು ಮಾಡಿಕೊಂಡು ದೂರ ಸರಿದರು. ಅಲ್ಲೊಬ್ಬಳು "ಯಾರದೋ ಶಾಪ ಹಿಡ್ಕೊಂಡಿದೆ" ಅಂದಳು. ಅವನನ್ನು ಮತ್ತೆ ಹೂಳಿದರು, ಗೋಡೆ ಪಕ್ಕದ ಸಾಲಿನಲ್ಲಿ, ಕರಗದವರ ಜಾಗದಲ್ಲಿ. ಇನ್ನೂ ಎರಡು ವರ್ಷ ಬಿಡಬೇಕಂತೆ. ಜೇಡಿಮಣ್ಣು, ಹೀಗಾಗುವುದುಂಟು ಎಂದ ಕಾವಲುಗಾರ. ಅವನ ಮಾತು ನಂಬಬೇಕೆಂದು ತುಂಬ ಪ್ರಯತ್ನ ಪಟ್ಟೆ.

ಆದರೆ ಆ ಶಾಪ ಯಾರದೆಂದು ನನಗೆ ಗೊತ್ತಿತ್ತು. ನನ್ನನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಅಣ್ಣ ನನ್ನನ್ನು ಕರೆದುಕೊಂಡು ಬೆಟ್ಟ ದಾಟಿದ ಚಳಿಗಾಲ ನೀವು ರಾತ್ರಿ ಪಾಳಿಯಲ್ಲಿದ್ದಿರಿ. ಅಮ್ಮ ಬಾಗಿಲಿಗೆ ಅಡ್ಡ ನಿಂತು, "ನೀನು ಹೋಗೋದಿದ್ರೆ ಹೋಗು, ಚಿಕ್ಕೋನನ್ನ ಬಿಡು, ಅವನು ಹಿಮದಲ್ಲಿ ಸಾಯ್ತಾನೆ" ಅಂದಳು. ಅಣ್ಣ ನಗುತ್ತಾ ಅವಳನ್ನು ಎತ್ತಿ ಪಕ್ಕಕ್ಕಿಟ್ಟ. ನಾವು ಮೆಟ್ಟಿಲು ಇಳಿಯುವಾಗ ಅವಳು ಮೇಲಿಂದ ಅಣ್ಣನ ಹೆಸರು ಹಿಡಿದು ಕೂಗಿದಳು: "ಗಾಚೊ! ನಿನ್ನನ್ನ ಮಣ್ಣೂ ಕರಗಿಸದೆ ಹೋಗ್ಲಿ!"

ನಮ್ಮ ಕಡೆ ಇದೇನು ದೊಡ್ಡ ಮಾತಲ್ಲ ಎಂದು ನಿಮಗೂ ಗೊತ್ತು. ಹಾಲು ಚೆಲ್ಲಿದರೂ ಅಮ್ಮಂದಿರು ಅದೇ ಬೈಗುಳ ಬೈಯುತ್ತಾರೆ. ದಾರಿಯಲ್ಲಿ ಅಣ್ಣ ಅದನ್ನೇ ಅಣಕಿಸಿ ಅಣಕಿಸಿ ನನ್ನನ್ನು ನಗಿಸಿದ. ಅವಳು ಅದನ್ನು ಮರೆತೂ ಇರಬಹುದು. ಆದರೆ ಹೀಗಾಗಿದೆ ಎಂದು ಕೇಳಿದರೆ ನೆನಪಾಗುತ್ತದೆ, ನೆನಪಾದ ದಿನವೇ ಅವಳ ಎದೆ ಒಡೆಯುತ್ತದೆ. ನೀವು ಬಂದಿದ್ದರೆ ಕಾವಲುಗಾರ ನಿಮಗೆ ಗೋಡೆ ಪಕ್ಕದ ಸಾಲು ತೋರಿಸುತ್ತಿದ್ದ. ನೀವು ಪೆಟ್ಟಿಗೆ ಇಲ್ಲದೆ ಮನೆಗೆ ಹೋದರೆ ಅಮ್ಮನಿಗೆ ಏನು ಹೇಳುತ್ತಿದ್ದಿರಿ? ಅದಕ್ಕೇ ಬಸ್ಸು ಬೇಡ ಎಂದೆ, ರೈಲು ಬೇಡ ಎಂದೆ. ನಿಮ್ಮ ಪ್ರತಿ ಕಾಗದ ಬಂದಾಗಲೂ ಇನ್ನು ಯಾವ ವಾಹನಕ್ಕೆ ಯಾವ ತಪ್ಪು ಹುಡುಕಲಿ ಎಂದು ಗೋಡೆಗೆ ಬಣ್ಣ ಬಳಿಯುತ್ತಲೇ ಯೋಚಿಸುತ್ತಿದ್ದೆ.

ಹೋದ ಭಾನುವಾರ ಸ್ಮಶಾನದಲ್ಲಿ ಕೂತಿದ್ದಾಗ ದೀಪಗಳಿಗೆ ಎಣ್ಣೆ ಹಾಕುವ ಮುದುಕಿ ಹತ್ತಿರ ಬಂದಳು. ನಮ್ಮವಳೇ, ಪೆರ್ಮೆಟ್ ಕಡೆಯವಳು. ಎಲ್ಲ ಹೇಳಿದೆ.

"ಶಾಪ ಹಾಕಿದೋಳು ಬದುಕಿದಾಳಾ?"

"ಬದುಕಿದಾಳೆ."

"ಹಾಗಾದ್ರೆ ಅಳೋದ್ಯಾಕೋ ಮಂಕೆ! ಒಂದು ಲೋಟ ನೀರಿಗೆ ಉಪ್ಪು ಹಾಕಿ ಅವಳ ಕೈಗೆ ಕೊಡಿ. ಅವಳೇ ಬೆರಳಲ್ಲಿ ಕಲಸ್ಬೇಕು, ಈ ಉಪ್ಪು ಕರಗಿದ ಹಾಗೆ ನನ್ನ ಮಾತೂ ಕರಗ್ಲಿ ಅನ್ಬೇಕು. ಆ ನೀರು ತಂದು ಇಲ್ಲಿ ಸುರಿ. ಬೇರೆಯೋರು ಮಾಡಿದ್ರೆ ಆಗಲ್ಲ, ಆಡಿದ ಬಾಯೇ ಬಿಡಿಸ್ಬೇಕು."

ಸಾಯುವ ಕಾಲಕ್ಕೆ ನಮ್ಮ ಮುದುಕಿಯರು ಉಪ್ಪು ನೀರು ಕೇಳುವುದು ನನಗೂ ಗೊತ್ತಿತ್ತು, ಅದು ಹೊಳೆಯಲೇ ಇಲ್ಲವಲ್ಲ! ಅತ್ತಿಗೆ, ಅಮ್ಮನಿಗೆ ಗಾಚೊನ ಹೆಸರು ಹೇಳಬೇಡಿ. "ವಯಸ್ಸಾಯ್ತು, ಬಾಯಿ ತಪ್ಪಿ ಯಾರಿಗೋ ಏನೋ ಅಂದಿರ್ತೀರಿ, ಎಲ್ಲರದ್ದೂ ಒಟ್ಟಿಗೆ ಬಿಡಿಸಿಬಿಡಿ" ಎಂದು ನಗುನಗುತ್ತಲೇ ಮಾಡಿಸಿ. ಬಾಟಲಿಗೆ ತುಂಬಿಕೊಂಡು ಹೊರಟುಬಿಡಿ. ನೆಸ್ತೋರನ ಬಸ್ಸು ಚೆನ್ನಾಗಿದೆ. ಎಲ್ಲ ಬಸ್ಸಿಗಿಂತ ಅದೇ ಚೆನ್ನಾಗಿದೆ, ಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ ಅಷ್ಟೆ. ನಾನು ರೈಲು ನಿಲ್ದಾಣದ ಹಿಂದೆ ಕಾಯುತ್ತಿರುತ್ತೇನೆ.

ಕಾರ್ಡು ಬಂದಿಲ್ಲ.

ನಿಮ್ಮ
ಪಾಂಡೆಲಿ

*

ಕೋರ್ಚಾ, ೩ ಏಪ್ರಿಲ್ ೨೦೦೦

ಪಾಂಡೆಲಿ,

ನಿನ್ನ ಕಾಗದವನ್ನು ಕಾರ್ಖಾನೆಯಲ್ಲೇ ಓದಿದೆ. ಆಮೇಲೆ ಮನೆಗೆ ತಂದೆ. ಮುಚ್ಚಿಡಬೇಕಾದವರು ಮನೆಯಲ್ಲಿ ಯಾರೂ ಇಲ್ಲ.

ಅತ್ತೆ ಮಾರ್ಚ್ ಒಂದನೇ ತಾರೀಖು ಹೋದರು. ಹಿಂದಿನ ಕಾಗದದಲ್ಲಿ ಮಲಗಿದ್ದರು ಎಂದು ಬರೆದದ್ದು ಸುಳ್ಳಲ್ಲ, ಮಾವನ ಸಾಲಿನಲ್ಲೇ ಮಲಗಿದ್ದಾರೆ, ನಿನ್ನಣ್ಣನಿಗೆ ಬಿಟ್ಟ ಜಾಗದ ಈಚೆಗೆ. ಆ ಶನಿವಾರದ ಗೋಧಿ ಅವರ ಹೆಸರಿಗೂ ಸೇರಿಸಿಯೇ ಬೇಯಿಸಿದ್ದು. ಹೇಳಿದ್ದರೆ ನೀನು ಅದೇ ದಿನ ಬೆಟ್ಟ ಹತ್ತಿ ಓಡಿ ಬರುತ್ತಿದ್ದೆ, ಕಾರ್ಡು ಕಳೆದುಕೊಳ್ಳುತ್ತಿದ್ದೆ. "ಕಾರ್ಡು ಬರೋವರ್ಗೂ ಅವನಿಗೆ ನನ್ನ ಸುದ್ದಿ ಹೇಳ್ಬೇಡ" ಎಂದು ಅವರೇ ನನ್ನಿಂದ ಮಾತು ತೆಗೆದುಕೊಂಡಿದ್ದರು. ನೆಸ್ತೋರನಿಂದ ನಾನು ಆಣೆ ಹಾಕಿಸಿಕೊಂಡೆ. ಅವನಿಗೆ ನಿನ್ನ ಮೇಲೆ ಕೋಪವಿಲ್ಲ, ನಿನ್ನ ಮುಖ ನೋಡಿದರೆ ಅಳು ಬರುತ್ತದೆಂದು ಬೆನ್ನು ತಿರುಗಿಸಿದ್ದು.

ಇನ್ನೂ ಬರೆಯಬೇಕಾದದ್ದು ಒಂದಿದೆ. ನೀನು ಬರೆದೆ, ನಾನೂ ಬರೆಯಬೇಕು.

ಫೆಬ್ರವರಿಯ ಕೊನೆಯ ದಿನಗಳಲ್ಲಿ ಅವರು ಊಟ ಬಿಟ್ಟರು. ಕಿಟಕಿ ಪಕ್ಕಕ್ಕೆ ಮಂಚ ಎಳೆಸಿಕೊಂಡು ಕೆಳಗೆ ಯಾವ ಬಸ್ಸಿನ ಸದ್ದಾದರೂ "ಇದಾ?" ಎಂದು ಕೇಳುತ್ತಿದ್ದರು. ನಿನ್ನ ಮರ್ಸಿಡಿಸ್ಸಿನ ಕಾಗದ ಆಗ ಇನ್ನೂ ಬಂದಿರಲಿಲ್ಲ. ಹೋಗುವ ಹಿಂದಿನ ದಿನ ಮಧ್ಯಾಹ್ನ ನನ್ನ ತೋಳು ಹಿಡಿದು ಎಳೆದರು.

"ಉರಾನಿ, ಒಂದು ಲೋಟ ನೀರು ತಾ. ಸ್ವಲ್ಪ ಉಪ್ಪು ತಾ."

ಅವರು ಕೇಳಿದರು, ಪಾಂಡೆಲಿ. ತಾವಾಗಿಯೇ ಕೇಳಿದರು. ಉಪ್ಪು ಕೇಳಿದವರು ಎರಡು ದಿನ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಉಪ್ಪು ಕೊಟ್ಟರೆ ಹೋಗಿ ಬನ್ನಿ ಎಂದು ನಾನೇ ಬಾಗಿಲು ತೆರೆದಂತೆ, ಕೊಡದಿದ್ದರೆ ಅದಕ್ಕಾಗಿಯಾದರೂ ಜೀವ ಹಿಡಿದುಕೊಂಡಿರುತ್ತಾರೆ ಎಂದುಕೊಂಡೆ.

"ಏನತ್ತೆ, ಇಷ್ಟು ಬೇಗ ಹೊರಟಿರಾ? ನಿಮ್ಮ ಮಗ ಬರ್ಬೇಡ್ವಾ? ಅವರು ಬಂದ ದಿನ ನಾನೇ ಕೊಡ್ತೀನಿ" ಅಂದೆ.

"ನಾನು ಒಂದು ಮಾತು ಆಡಿದೀನಿ ಕಣೆ. ಬಾಯಿ ತೊಳ್ಕೋಬೇಕು."

"ನೀವಾ? ನೀವು ಯಾರಿಗೆ ಕೆಟ್ಟ ಮಾತಾಡಿದೀರಿ? ಇರುವೆಗೂ ಬೈದವರಲ್ಲ. ಸುಮ್ನೆ ಮಲಗಿ."

"ಗಾಚೊ ಯಾವತ್ತು ಬರ್ತಾನೆ?"

"ಪಾಂಡೆಲಿ ಒಳ್ಳೇ ಬಸ್ಸು ಹುಡುಕ್ತಾ ಇದಾನೆ ಅತ್ತೆ."

ಅವರು ನನ್ನ ತೋಳು ಬಿಟ್ಟರು. "ಹಾಗಾದ್ರೆ ಅವತ್ತೇ ಕೊಡು, ಮರೀಬೇಡ" ಅಂದರು. ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಉಪ್ಪಿನ ಡಬ್ಬ ಒಲೆಯ ಪಕ್ಕದಲ್ಲೇ ಇತ್ತು. ನಾಲ್ಕು ಹೆಜ್ಜೆ.

ನೀನು ಮೊದಲ ಕಾಗದದಲ್ಲೇ ನಿಜ ಬರೆದಿದ್ದರೆ ಎಂದು ಇವತ್ತು ಮಧ್ಯಾಹ್ನವೆಲ್ಲ ನಿನ್ನನ್ನು ಬೈದುಕೊಂಡೆ. ಆಮೇಲೆ ನನ್ನನ್ನೇ ಬೈದುಕೊಂಡೆ. ನೀನು ಅಮ್ಮನನ್ನು ಉಳಿಸಲು ನೋಡಿದೆ, ನಾನೂ ಅವರನ್ನೇ ಉಳಿಸಲು ನೋಡಿದೆ. ಇನ್ನೊಬ್ಬಳಿದ್ದಾಳೆ ಎಂದು ಬರೆದೆನಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನಿನ್ನಣ್ಣನಿಗೂ ನನ್ನ ಪರವಾಗಿ ಹೇಳು.

ಮುಂದಿನ ವಾರ ಗುರುವಾರ ನೆಸ್ತೋರನ ಬಸ್ಸಿಗೆ ಬರುತ್ತೇನೆ. ಟಿಕೆಟ್ಟು ತೆಗೆದಾಯಿತು. ಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಿಸಿದರೂ ನಿಲ್ಲುತ್ತೇನೆ, ನೀನು ಗಾಬರಿಯಾಗಿ ಈ ಕಡೆ ಓಡಿ ಬರಬೇಡ, ಇಲ್ಲಿ ನಿನ್ನನ್ನು ಕಾಯುತ್ತಿರುವವರು ಯಾರೂ ಇಲ್ಲ. ಆ ಮುದುಕಿಯನ್ನು ಹುಡುಕಿ ಇಟ್ಟಿರು. ಆಡಿದ ಬಾಯಿ ಹೋದ ಮೇಲೆ ಬೇರೆ ದಾರಿ ಏನಾದರೂ ಇದೆಯೇ ಎಂದು ಅವಳನ್ನು ಕೇಳಬೇಕು. ಅಡುಗೆಮನೆಯಲ್ಲಿ ಒಂದು ಲೋಟ ನೀರಿಗೆ ನಾನೇ ಉಪ್ಪು ಹಾಕಿ ನೋಡಿದೆ. ಕರಗಿತು. ಏನು ಹೇಳಲಿ ಅದಕ್ಕೆ? ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ನಿನ್ನಣ್ಣನನ್ನು ಒಂದು ದಿನವೂ ಶಪಿಸಲಿಲ್ಲ, ಪಾಂಡೆಲಿ. ಶಪಿಸಿದ್ದು ನಾನಾಗಿದ್ದರೆ ಇವತ್ತೇ ಬಿಡಿಸುತ್ತಿದ್ದೆ.

ಉರಾನಿ